ಪತ್ತಾರಿಕೆ ಮನಿಯ ಪಾದರಸ, ಅಪ್ಪನ ಲಿವರ್ ರಿಪೋರ್ಟ್: ತಿಳಿದವರು ದಯವಿಟ್ಟು ಹೇಳ್ರಿ

ಗದಗಿನ ಪತ್ತಾರ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಪತ್ತಾರಿಕೆ ಮನೆತನ. ಅಜ್ಜನ ಕಾಲದಿಂದ ಮನಿ ಮುಂದಿನ ಪಡಸಾಲ್ಯಾಗ ಕೆಲಸ ನಡದೈತಿ. ಅಪ್ಪ ಬಂಗಾರದ ಕೆಲಸದ ಜೋಡಿ ಇನ್ನೊಂದು ಕೆಲಸಾನೂ ಮಾಡ್ತಾರ. ಬ್ಯಾರೆ ಅಂಗಡಿಯವರ ಕಸ ತರತಾರ, ಅಂದ್ರ ಕುಂತು ಕೆಲಸ ಮಾಡೋ ಜಾಗದ ಧೂಳು, ಅರದ ಹಾಕಿದ ಪುಡಿ, ಬಂಗಾರ ಕರಗಸೋ ಹಳೇ ಮೂಸಿ ಚೂರು. ಅದನ್ನ ತೊಳದು, ಉಳಿದ ಕೆಸರಿಗೆ ಪಾದರಸ ಹಾಕಿ ತಿಕ್ಕತಾರ. ಬಂಗಾರ ಹಿಡಕೊಂಡ ಪಾದರಸಾನ ದಪ್ಪ ಅರಿವ್ಯಾಗ ಕಟ್ಟಿ ಹಿಂಡತಾರ. ಅರಿವ್ಯಾಗ ಉಳಿಯೋ ಬೆಳ್ಳನ ಉಂಡಿ ಮೂಸ್ಯಾಗ ಇಟ್ಟು ಉರಿ ಕೊಟ್ಟರ ಪಾದರಸ ಹಾರಿ ಹೋಗತದ, ಬಂಗಾರ ಉಳೀತದ. ಹೊಗಿ ಹೋಗಾಕ ಬೀದಿ ಕಡೆ ಒಂದು ಕಿಟಕಿ ಐತಿ, ಅಷ್ಟ.

ಈಗ ಅಪ್ಪಗ 61. ಕುಡಿಯಂಗಿಲ್ಲ, ತಂಬಾಕಿಲ್ಲ. ಸುಸ್ತು ಅಂತ ದವಾಖಾನಿಗೆ ಹೋದ್ರ ರಕ್ತ ತಪಾಸ ಮಾಡಿಸಿದ್ರು. ಲಿವರ್ ಕೆಟ್ಟರ ರಕ್ತದಾಗ ಏರೋ ಎರಡು ಕಿಣ್ವ ಹೆಚ್ಚ ಬಂದಾವ: ಎಸ್‌ಜಿಪಿಟಿ 96, ಎಸ್‌ಜಿಒಟಿ 71. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಸ್ಕ್ಯಾನಿಂಗಿನ್ಯಾಗ "ಗ್ರೇಡ್ 1 ಫ್ಯಾಟಿ ಲಿವರ್" ಅಂತ ಬರದಾರ. ಡಾಕ್ಟ್ರು ಎಣ್ಣಿ ಕಡಿಮಿ ಮಾಡ್ರಿ, ನಡೀರಿ ಅಂದ್ರು. ಪಾದರಸದ ಬಗ್ಗೆ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆದ್ರ ನನಗ ಹೆದರಿಕಿ ಆಗಿರೋದು ಬ್ಯಾರೆ ಕಾರಣಕ್ಕ. ಎರಡ್ಮೂರು ವರ್ಷದಿಂದ ಅಪ್ಪನ ಕೈ ನಡುಗತಾವ. ಹರಳು ಕೂಡಸೋ ಕೆಲಸ ಬಿಟ್ಟಬಿಟ್ಟಾರ. ಸಹಿ ಮಾಡಿದ್ರ ಬ್ಯಾಂಕಿನ್ಯಾಗ ಹೊಂದವಲ್ದು ಅಂತಾರ. ಮೊದಲ ಶಾಂತ ಇದ್ದ ಮನಿಷಾ, ಈಗ ಸಣ್ಣದಕ್ಕೂ ಸಿಟ್ಟು. ವಸಡಿನ್ಯಾಗ ರಕ್ತ ಬರತೈತಿ.

ಪರಿಚಯದವರೊಬ್ಬರು "ಲಿವರಿಗೆ ಭಾಳ ಚೊಲೋ" ಅಂತ ಆರೋಗ್ಯವರ್ಧಿನಿ ಗುಳಿಗಿ ಕೊಟ್ಟಾರ, ಅಪ್ಪ ತಗೊಳ್ಳಾಕತ್ತಾರ. ಇನ್ನೊಬ್ಬರು ಲಿವರ್ ಡಿಟಾಕ್ಸ್ ಕಿಟ್ ತರಿಸಿ ಕೊಡತೀನಿ ಅನ್ನಾಕತ್ತಾರ. ಮನ್ಯಾಗ ನನ್ನ ಹೆಂಡತಿ, ಇಬ್ಬರು ಸಣ್ಣ ಮಕ್ಕಳು ಅದಾರ. ಮಕ್ಕಳು ಅದೇ ಪಡಸಾಲ್ಯಾಗ ಆಡತಾವ. ಪಾದರಸದಿಂದನ ಲಿವರ್ ಕೆಟ್ಟಿರಬಹುದಾ? ಯಾವ ತಪಾಸಣಿ ಮಾಡಿಸಬೇಕು?

ಜೀವರಸಾಯನ ಪಾಠ (ಮೈಸೂರು)

ಮೊದಲು ಮಕ್ಕಳ ವಿಷಯ. ಇವತ್ತೇ ಅವರನ್ನು ಆ ಪಡಸಾಲೆಯಿಂದ ದೂರ ಮಾಡಿ. ಸಾಧ್ಯವಿದ್ದರೆ ಅಜ್ಜಿಮನೆಗೆ ಕಳಿಸಿ. ಪಾದರಸದ ಹನಿ ಇರುವುದು ನೆಲದ ಸಂದಿಯಲ್ಲಿ, ಮಕ್ಕಳು ಕೂತು ಆಡುವುದೂ ಅಲ್ಲೇ. ಅವರ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುವುದು, ಕಾರಣವಿಲ್ಲದೆ ಬೆವರುವುದು, ಮಗುವಿಗೆ ಬಿಪಿ ಏರುವುದು ಕಂಡರೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ, "ಮನೆಯಲ್ಲಿ ಪಾದರಸ ಕಾಯಿಸುತ್ತೇವೆ" ಎಂದು ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯವರು ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಅವರಿಗೂ ಇದೇ ಮಾತು. ಪಾದರಸದ ಆವಿ ಮಾಸು (ಪ್ಲಸೆಂಟಾ) ದಾಟಿ ಮಗುವಿಗೆ ಹೋಗುತ್ತದೆ.

ಈಗ ಅಪ್ಪನವರ ವಿಷಯ. ಪಾದರಸ ಅಂದರೆ ಒಂದೇ ವಿಷ ಅಲ್ಲ. ಲೋಹದ ಪಾದರಸ, ಅದರ ಲವಣಗಳು, ಮೀನಿನಲ್ಲಿ ಸಿಗುವ ಮೀಥೈಲ್ ಪಾದರಸ: ಮೂರೂ ಮೈಯೊಳಗೆ ಹೋಗುವ ದಾರಿ ಬೇರೆ, ಹಾಳು ಮಾಡುವ ಅಂಗವೂ ಬೇರೆ. ನಿಮ್ಮ ಮನೆಯಲ್ಲಿರುವುದು ಲೋಹದ ಆವಿ. ಉಸಿರಿನಲ್ಲಿ ಹೋದ ಆವಿಯ ಸುಮಾರು 80% ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ರಕ್ತದ ಕೆಂಪುಕಣ ಮತ್ತು ಲಿವರ್‌ನಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಪಾದರಸದ ಅಯಾನ್ ಆಗಿ ಬದಲಿಸುತ್ತದೆ. ಹಾಗೆ ಬದಲಾಗುವ ಮೊದಲೇ ಒಂದು ಭಾಗ ಮಿದುಳಿಗೆ ನುಗ್ಗಿರುತ್ತದೆ. ಬದಲಾದದ್ದು ಮುಖ್ಯವಾಗಿ ಕಿಡ್ನಿಯಲ್ಲಿ ಕೂರುತ್ತದೆ.

ಹಾಗಾಗಿ ನೀವು ಬರೆದದ್ದರಲ್ಲಿ ನನ್ನನ್ನು ಕಾಡಿದ್ದು 96 ಅಲ್ಲ. ಕೈನಡುಕ, ಸಿಟ್ಟು, ವಸಡಿನ ರಕ್ತ. ದೀರ್ಘಕಾಲ ಪಾದರಸದ ಆವಿ ಕುಡಿದವರಲ್ಲಿ ಈ ಮೂರು ಒಟ್ಟಿಗೆ ಬರುವುದು ವೈದ್ಯಕೀಯದಲ್ಲಿ ಬಹಳ ಹಳೆಯ ಸಂಗತಿ. ಟೋಪಿ ಮಾಡುವ ಕಾರ್ಖಾನೆಗಳಲ್ಲಿ ಪಾದರಸದ ನೈಟ್ರೇಟ್ ಬಳಸುತ್ತಿದ್ದ ಕಾಲದಲ್ಲಿ ಕೆಲಸಗಾರರಿಗೆ ಬಂದದ್ದೂ ಇದೇ. ಇದು ಪಾದರಸವೇ ಎಂದು ನಾನು ಇಲ್ಲಿ ಕೂತು ಹೇಳಲಾರೆ, ಥೈರಾಯ್ಡ್, ಪಾರ್ಕಿನ್ಸನ್ಸ್ ಎಲ್ಲವನ್ನೂ ಡಾಕ್ಟರು ನೋಡಬೇಕು. ಆದರೆ ಕೆಲಸ ಏನು ಎಂದು ತಿಳಿಯದ ಡಾಕ್ಟರಿಗೆ ಪಾದರಸ ಹೊಳೆಯುವುದೇ ಇಲ್ಲ.

ಲಿವರ್‌ಗೆ ಬರೋಣ. 61ರ ವಯಸ್ಸು, ಕೂತು ಮಾಡುವ ಕೆಲಸ, ಸ್ಕ್ಯಾನಿಂಗ್‌ನಲ್ಲಿ ಕೊಬ್ಬು. 96 ಬರಲು ಇಷ್ಟೇ ಸಾಕು, ನಮ್ಮಲ್ಲಿ ಅತಿ ಸಾಮಾನ್ಯ ಕಾರಣ ಅದೇ. ಸಕ್ಕರೆ, ಟ್ರೈಗ್ಲಿಸರೈಡ್ ನೋಡಿಸಿದ್ದೀರಾ? ಪಾದರಸ ಅದಕ್ಕೆ ಸೇರಿಕೊಂಡಿರಬಹುದು. ಅದು ಗಂಧಕದ ಗುಂಪಿಗೆ ಬಿಡದೆ ಅಂಟುವ ಲೋಹ. ಲಿವರ್ ಜೀವಕೋಶದ ಮುಖ್ಯ ರಕ್ಷಕ ಗ್ಲುಟಾಥಯೋನ್‌ನಲ್ಲಿ ಇರುವುದು ಅದೇ ಗುಂಪು. ಪಾದರಸ ಅದಕ್ಕೆ ಅಂಟಿ ಖರ್ಚು ಮಾಡಿದಷ್ಟೂ ಜೀವಕೋಶದ ಕೊಬ್ಬು ಬೇಗ ಆಕ್ಸೀಕರಣವಾಗುತ್ತದೆ, ಕೋಶ ಸೋರಿ ಎಸ್‌ಜಿಪಿಟಿ ರಕ್ತಕ್ಕೆ ಬರುತ್ತದೆ. ಅಮೆರಿಕದ 2003–04ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಡಿತ, ಹೆಪಟೈಟಿಸ್‌ನಂಥ ಕಾರಣಗಳಿಲ್ಲದೆ ಎಸ್‌ಜಿಪಿಟಿ ಏರಿದ್ದಕ್ಕೂ ರಕ್ತದ ಪಾದರಸಕ್ಕೂ ನಂಟು ಕಂಡಿತ್ತು. ಕೊರಿಯಾದಲ್ಲೂ ಅಂಥದೇ ವರದಿ ಬಂದಿವೆ. ಆದರೆ ಅವೆಲ್ಲ ಬಹುಪಾಲು ಮೀನು ತಿನ್ನುವ ಜನರ ಲೆಕ್ಕ. ನಂಟು ಕಂಡಿತು ಅಂದರೆ ಅದರಿಂದಲೇ ಆಯಿತು ಎಂದಲ್ಲ.

ಹೆಸರಘಟ್ಟ ರೈತ

ನಮ್ಮ ತಾತ ಪಾದರಸ ಅಂಗೈಯಲ್ಲಿ ಹಾಕ್ಕೊಂಡು ಆಟ ಆಡಿಸ್ತಾ ಇದ್ರು. ಎಂಬತ್ತೈದು ದಾಟಿ ಬದುಕಿದ್ರು. ಸುಮ್ನೆ ಹೆದರಿಸ್ತಾ ಇದ್ದೀರಿ ಅನ್ಸುತ್ತೆ ಮೇಡಂ.

ಜೀವರಸಾಯನ ಪಾಠ (ಮೈಸೂರು)

ತಾತ ಅಂಗೈಯಲ್ಲಿ ಆಡಿಸಿದರು, ಕಾಯಿಸಲಿಲ್ಲ. ಹೊಟ್ಟೆಗೆ ಹೋದ ದ್ರವ ಪಾದರಸದಲ್ಲಿ 0.01% ಕೂಡ ಮೈಗೆ ಹತ್ತುವುದಿಲ್ಲ, ಥರ್ಮಾಮೀಟರ್ ಕಚ್ಚಿದ ಮಗು ಸಾಮಾನ್ಯವಾಗಿ ಬಚಾವಾಗುವುದು ಅದಕ್ಕೇ. ಮೂಗಿನಿಂದ ಹೋದರೆ 80%. ಮುಚ್ಚಿದ ಜಾಗದಲ್ಲಿ 20 ಡಿಗ್ರಿಯಲ್ಲಿ ಸುಮ್ಮನೆ ಚೆಲ್ಲಿದ ಪಾದರಸವೂ ಒಂದು ಘನ ಮೀಟರ್ ಗಾಳಿಗೆ ಸುಮಾರು 13 ಮಿಲಿಗ್ರಾಂವರೆಗೆ ಆವಿ ಬಿಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಗಾಳಿಗೆ ಹಾಕಿರುವ ವಾರ್ಷಿಕ ಮಾರ್ಗದರ್ಶಿ ಮಟ್ಟ 1 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ ಎಂದು ನೆನಪಿಟ್ಟು ಲೆಕ್ಕ ಹಾಕಿ ನೋಡಿ. ಇವರ ಮನೆಯಲ್ಲಿ ಅದನ್ನು ಮೂಸೆಯಲ್ಲಿಟ್ಟು ಉರಿ ಕೊಡುತ್ತಿದ್ದಾರೆ.

ಜಗತ್ತಿನ ಲೆಕ್ಕವೂ ಹೀಗೇ ಇದೆ. ಮನುಷ್ಯರ ಕೆಲಸದಿಂದ ಗಾಳಿಗೆ ಸೇರುವ ಪಾದರಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಕಲ್ಲಿದ್ದಲಿನದಲ್ಲ, ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯದು. ವಿಶ್ವಸಂಸ್ಥೆಯ 2018ರ ಅಂದಾಜಿನಲ್ಲಿ ಅದು ಸುಮಾರು 38%, ಕಲ್ಲಿದ್ದಲು 21%. ಆಫ್ರಿಕಾ, ದಕ್ಷಿಣ ಅಮೆರಿಕ, ಇಂಡೋನೇಷ್ಯಾದ ಬಡ ಗಣಿಗಾರರು ಮಾಡುವುದೂ ಪತ್ತಾರರ ಪಡಸಾಲೆಯಲ್ಲಿ ನಡೆಯುವುದೂ ಒಂದೇ ಕೆಲಸ: ಪಾದರಸಕ್ಕೆ ಚಿನ್ನ ಹಿಡಿಸಿ, ಬಟ್ಟೆಯಲ್ಲಿ ಹಿಂಡಿ, ಕಾಯಿಸುವುದು.

ಲ್ಯಾಬ್ ಟೆಕ್ನಿಷಿಯನ್ (ಧಾರವಾಡ)

ತಪಾಸಣೆ ಬಗ್ಗೆ ನಾನು ಹೇಳತೀನ್ರಿ, ಇಲ್ಲೇ ಜನ ಭಾಳ ರೊಕ್ಕ ಕಳಕೋತಾರ. ಆವಿ ಕುಡಿದವರಿಗೆ ಮೂತ್ರದ ಪಾದರಸ ನೋಡಬೇಕು. 24 ತಾಸಿನ ಮೂತ್ರ, ಇಲ್ಲಾಂದ್ರ ಬೆಳಗಿನ ಮೊದಲನೇ ಮೂತ್ರ ಕ್ರಿಯಾಟಿನಿನ್ (ಮೂತ್ರ ಎಷ್ಟು ಗಟ್ಟಿ ಐತಿ ಅಂತ ತೋರಸೋ ಅಂಶ) ಜೋಡಿ. ರಕ್ತದ ಪಾದರಸ ಮೀನು ತಿಂದರೂ ಏರತೈತಿ, ಆವಿಗೆ ಅದೊಂದನ್ನ ನಂಬಬಾರದು. ಕೂದಲು ಹೇಳೋದು ಮೀಥೈಲ್ ಪಾದರಸದ ಕಥಿ. ಪಡಸಾಲ್ಯಾಗ ಕುಂತವರ ಕೂದಲಿಗೆ ಹೊರಗಿಂದನೂ ಪಾದರಸ ಅಂಟಿರತೈತಿ, ಅದರ ರಿಪೋರ್ಟು ದಾರಿ ತಪ್ಪಸತೈತಿ.

ಡಬ್ಬಿ ಲ್ಯಾಬಿನವರ ಕಡೆಯಿಂದನ ತಗೋರಿ, ಲೋಹದ ತಪಾಸಣೆಗಂತ ಕೇಳ್ರಿ. ಸ್ನಾನ ಮಾಡಿ, ಕೆಲಸದ ಅರಿವಿ ಬದಲಿಸಿ, ಪಡಸಾಲಿಯಿಂದ ದೂರ ಹಿಡಿಬೇಕು. ಧೂಳಿನ ಕೈಲೆ ಡಬ್ಬಿ ಮುಚ್ಚಳ ಮುಟ್ಟಿದ್ರ ಸ್ಯಾಂಪಲ್ ಕೆಟ್ಟಹಾಂಗ. ಜೋಡಿಲೆ ಮೂತ್ರದ ಪ್ರೋಟೀನು, ರಕ್ತದ ಕ್ರಿಯಾಟಿನಿನ್, ಲಿವರಿನ ಪೂರ್ತಿ ತಪಾಸಣಿ ಎಲ್‌ಎಫ್‌ಟಿ, ಜಿಜಿಟಿ, ಸಕ್ಕರೆ, ಥೈರಾಯ್ಡ್ ಮಾಡಿಸ್ರಿ.

ಒಂದು ಎಚ್ಚರಿಕಿ. ಮೊದಲ ಒಂದು ಗುಳಿಗಿ ಕೊಟ್ಟು, ಆಮ್ಯಾಲೆ ಮೂತ್ರ ಹಿಡದು "ನೋಡ್ರಿ, ಎಷ್ಟು ವಿಷ ಹೊರಗ ಬಂತು" ಅನ್ನೋ ಮಂದಿ ಅದಾರ. ಲೋಹ ಎಳಿಯೋ ಗುಳಿಗಿ ಕೊಟ್ಟರ ಯಾರ ಮೂತ್ರದಾಗಾದ್ರೂ ಪಾದರಸ ಏರತೈತಿ. ಆ ಅಂಕಿಗೆ ಹೋಲಸಾಕ ಸರಿಯಾದ ಅಳತಿ ಇಲ್ಲ. ಡಿಟಾಕ್ಸ್ ಕಿಟ್ ಮಾರೋರಿಗೆ ಮಾತ್ರ ಅದು ಉಪಯೋಗ.

ಕಾರವಾರದವ

ವಿಷಯಾಂತರ ಆದರೆ ಕ್ಷಮಿಸಿ. ನಮ್ಮಲ್ಲಿ ಬಿಣಗಾ ಕಡೆ ಮೀನು ತಿನ್ನಬಾರದು ಅಂತ ನಾವು ಸಣ್ಣವರಿದ್ದಾಗಿಂದ ಕೇಳಿದ ಮಾತು. ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಪಾದರಸದ ಬಗ್ಗೆ 1990ರಲ್ಲೇ ಮರೀನ್ ಪೊಲ್ಯೂಷನ್ ಬುಲೆಟಿನ್ ಪತ್ರಿಕೆಯಲ್ಲಿ ಅಧ್ಯಯನ ಬಂದಿತ್ತು. ಆಗಿನ ಪದ್ಧತಿಯಲ್ಲಿ ಉಪ್ಪುನೀರಿಗೆ ಕರೆಂಟ್ ಕೊಡುವ ತೊಟ್ಟಿಯಲ್ಲಿ ಪಾದರಸವೇ ಒಂದು ಧ್ರುವ. ಈಗ ದೇಶದ ಈ ಉದ್ಯಮ ಮೆಂಬ್ರೇನ್ ಪದ್ಧತಿಗೆ ಬಂದಿದೆ. ಆದರೆ ಕೆಸರಿಗೆ ಇಳಿದ ಪಾದರಸ ಹಾಗೇ ಹೋಗಿಬಿಡುತ್ತದಾ?

ನನ್ನ ಪ್ರಶ್ನೆ ಮನೆಯದು. ನಮ್ಮಲ್ಲಿ ದಿನಾ ಮೀನು. ತಾಯಿಗೆ ಫ್ಯಾಟಿ ಲಿವರ್ ಇದೆ. ಮೀನು ಬಿಡಬೇಕಾ?

ಜೀವರಸಾಯನ ಪಾಠ (ಮೈಸೂರು)

ಬಿಡಬೇಡಿ, ಯಾವ ಮೀನು ಎಂದು ಆರಿಸಿ.

ಕೆಸರಿನ ಬ್ಯಾಕ್ಟೀರಿಯಾ ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ, ಅದು ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಏರುತ್ತಾ ಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೇ ನೇರವಾಗಿ ಮೀಥೈಲ್ ಪಾದರಸವನ್ನು ಕೊಲ್ಲಿಗೆ ಬಿಟ್ಟಿತು. 1956ರ ಮೇ 1ರಂದು ಕಾಯಿಲೆ ಅಧಿಕೃತವಾಗಿ ದಾಖಲಾಯಿತು, ಜಪಾನ್ ಸರ್ಕಾರ ಕಾರ್ಖಾನೆಯೇ ಕಾರಣ ಎಂದು ಒಪ್ಪಿದ್ದು 1968ರಲ್ಲಿ. ಆ ಹನ್ನೆರಡು ವರ್ಷ ಜನ ಅದೇ ಕೊಲ್ಲಿಯ ಮೀನು ತಿಂದರು. ಈ ವಿಳಂಬ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಲಿವರ್‌ಗೂ ಮೀಥೈಲ್ ಪಾದರಸಕ್ಕೂ ಇರುವ ಸಂಬಂಧ ಆವಿಗಿಂತ ಹತ್ತಿರದ್ದು. ತಿಂದದ್ದರಲ್ಲಿ ಸುಮಾರು 95% ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಲಿವರ್ ಅದನ್ನು ಗ್ಲುಟಾಥಯೋನ್‌ಗೆ ಕಟ್ಟಿ ಪಿತ್ತರಸದಲ್ಲಿ ಕರುಳಿಗೆ ಬಿಡುತ್ತದೆ. ಕರುಳು ಅದರಲ್ಲಿ ಬಹುಪಾಲನ್ನು ಮತ್ತೆ ಹೀರಿಕೊಳ್ಳುತ್ತದೆ, ಅದು ತಿರುಗಿ ಲಿವರ್‌ಗೇ ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾ ಸ್ವಲ್ಪ ಸ್ವಲ್ಪವನ್ನು ಮೀಥೈಲ್ ಬಿಡಿಸಿ ಮಲದಲ್ಲಿ ಕಳಿಸುತ್ತವೆ. ಹೀಗಾಗಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ದಿನಾ ತಿಂದರೆ ಇಳಿಯಲು ಸಮಯವೇ ಸಿಗುವುದಿಲ್ಲ. ಇಷ್ಟಾದರೂ ಅದರ ಮುಖ್ಯ ಹೊಡೆತ ಮಿದುಳಿಗೆ, ಅದರಲ್ಲೂ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ.

ಅಂಕಿಯಲ್ಲಿ ನೋಡಿ. ಅಂತರರಾಷ್ಟ್ರೀಯ ಆಹಾರ ಸಮಿತಿಯ ಮಿತಿ ವಾರಕ್ಕೆ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 60 ಕಿಲೋ ಇರುವವರಿಗೆ ವಾರಕ್ಕೆ 96. ಅಮೆರಿಕದ ಎಫ್‌ಡಿಎ ಅಳತೆಯಲ್ಲಿ ಶಾರ್ಕ್ ಸರಾಸರಿ 1 ಪಿಪಿಎಂ (ಒಂದು ಗ್ರಾಂ ಮೀನಿಗೆ ಒಂದು ಮೈಕ್ರೋಗ್ರಾಂ) ಹತ್ತಿರ ಇದೆ, ಅಂದರೆ 100 ಗ್ರಾಂ ತಿಂದರೆ ವಾರದ ಪಾಲು ಮುಗಿಯಿತು. ಸಾರ್ಡೀನ್ 0.013. ನಿಮ್ಮ ತಾಯಿಗೆ ತಾರ್ಲೆ (ಸಾರ್ಡೀನ್), ಬಂಗುಡೆ ಸಾರು ಮಾಡಿಕೊಡಿ, ಹುರಿಯುವುದು ಕಡಿಮೆ ಮಾಡಿ. ಅದರ ಒಮೆಗಾ ಕೊಬ್ಬು ಫ್ಯಾಟಿ ಲಿವರ್ ಇದ್ದವರಿಗೂ ಒಳ್ಳೆಯದೇ. ಮೋರಿ (ಶಾರ್ಕ್), ದೊಡ್ಡ ಟ್ಯೂನಾ, ಭಾರೀ ಇಸ್ವಣ (ಅಂಜಲ್) ಅಪರೂಪಕ್ಕೆ ಇರಲಿ. ಬಸುರಿಯರಿಗೆ ಮೋರಿ ಬೇಡವೇ ಬೇಡ. ಬಾಣಂತಿಗೆ ಮೋರಿ ಕೊಡುವ ರೂಢಿ ಕರಾವಳಿಯಲ್ಲಿದೆ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ಶಿರಸಿಯ ವೈದ್ಯ

ನಾನು ಆಯುರ್ವೇದ ವೈದ್ಯ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲದ ವೃತ್ತಿ. ಗದಗಿನವರು ಬರೆದ ಆರೋಗ್ಯವರ್ಧಿನಿ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಗುಳಿಗೆಯಲ್ಲಿ ಕಟುಕರೋಹಿಣಿ, ತ್ರಿಫಲ, ಗುಗ್ಗುಳ, ಶಿಲಾಜಿತು, ಲೋಹ-ಅಭ್ರಕ-ತಾಮ್ರ ಭಸ್ಮಗಳ ಜೊತೆ ಶುದ್ಧ ಪಾರದ, ಅಂದರೆ ಪಾದರಸ, ಮತ್ತು ಗಂಧಕ ಇದೆ. ಪಾದರಸವನ್ನು ಶೋಧಿಸಿ, ಗಂಧಕದೊಡನೆ ಕಲ್ವದಲ್ಲಿ ಹೊಳಪು ಹೋಗಿ ಕಾಡಿಗೆಯಷ್ಟು ಕಪ್ಪಾಗುವವರೆಗೆ ಅರೆಯಬೇಕು. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಒಂದು ಚುಕ್ಕೆಯೂ ಮಿನುಗಬಾರದು. ಅದೇ ಕಜ್ಜಲಿ. ಗಂಧಕಕ್ಕೆ ಬಿಗಿಯಾಗಿ ಕಟ್ಟಿದ ಪಾದರಸ ನೀರಿನಲ್ಲಿ ಕರಗುವುದು ಅತ್ಯಲ್ಪ, ಕರುಳಿಗೆ ಹತ್ತುವುದೂ ಕಡಿಮೆ. ಇದು ಶಾಸ್ತ್ರದ ಬಲ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಆದರೆ ಈ ರೋಗಿಗೆ ಇದು ಬೇಡ. ಇಂದೇ ನಿಲ್ಲಿಸಿ. ಮೈಯಲ್ಲಿ ಈಗಾಗಲೇ ಪಾದರಸದ ಹೊರೆ ಇರಬಹುದು ಎಂಬ ಶಂಕೆ ಇರುವವನಿಗೆ ಪಾದರಸದ ಔಷಧಿ ಕೊಡುವುದು ಯಾವ ಶಾಸ್ತ್ರಕ್ಕೂ ಒಪ್ಪದು. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮಗಳ ಷೆಡ್ಯೂಲ್ ಇ-1ರಲ್ಲಿ ಪಾರದ ಇದೆ. ಅಂಥ ಔಷಧದ ಡಬ್ಬಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಇರಲೇಬೇಕು. ಪರಿಚಯದವರು ಹಂಚುವ ಸಾಮಾನು ಅದಲ್ಲ. ಡಬ್ಬಿಯಲ್ಲಿ ಆ ಎಚ್ಚರಿಕೆಯೇ ಇಲ್ಲದಿದ್ದರೆ ಇನ್ನೂ ದೊಡ್ಡ ಸಂಶಯ. ಕಜ್ಜಲಿ ಸರಿಯಾಗಿ ಸಿದ್ಧವಾಗದೆ ಬಿಡಿ ಪಾದರಸ ಉಳಿದಿದ್ದರೆ ನಾನು ಮೇಲೆ ಹೇಳಿದ್ದು ಯಾವುದೂ ಅನ್ವಯಿಸದು.

ಔಷಧಿ ಅಂಗಡಿ (ದಾವಣಗೆರೆ)

ವೈದ್ಯರು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಒಂದು ಮಾತು ಸೇರಿಸುತ್ತೇನೆ. 2008ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಅಧ್ಯಯನದಲ್ಲಿ ಇಂಟರ್‌ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನ ಪರೀಕ್ಷಿಸಿದ್ದರು. ಸೀಸ, ಪಾದರಸ, ಆರ್ಸೆನಿಕ್ ಇವುಗಳಲ್ಲಿ ಒಂದಾದರೂ ಸಿಕ್ಕಿದ್ದು 20.7%ರಲ್ಲಿ. ಪಾದರಸ, ಲೋಹ ಸೇರಿಸಿ ಮಾಡುವ ರಸೌಷಧಿಗಳಲ್ಲಿ ಸುಮಾರು 40%, ಅದು ನಿರೀಕ್ಷಿತ. ಬರೀ ಗಿಡಮೂಲಿಕೆ ಅನ್ನಿಸಿಕೊಂಡವುಗಳಲ್ಲೂ ಸುಮಾರು 17%! "ಪಕ್ಕಾ ಹರ್ಬಲ್" ಅಂತ ಬರೆದ ಲಿವರ್ ಡಿಟಾಕ್ಸ್ ಕಿಟ್ ಬೇಡ ಅನ್ನಲು ನನಗೆ ಇಷ್ಟು ಸಾಕು. ಕೆಲವು ಗಿಡಮೂಲಿಕೆ ಸಪ್ಲಿಮೆಂಟ್‌ಗಳೇ ಎಸ್‌ಜಿಪಿಟಿ ಏರಿಸುತ್ತವೆ, ಆಗ ಯಾವುದರಿಂದ ಏನಾಯಿತು ಎಂದು ಡಾಕ್ಟರಿಗೂ ತಿಳಿಯದ ಹಾಗಾಗುತ್ತದೆ.

ಮಸ್ಕತ್ ಕನ್ನಡತಿ

ನಾನು ಇಲ್ಲಿ ನರ್ಸ್. ಮನೆಯಲ್ಲಿ ಪತ್ತಾರಿಕೆ ಇಲ್ಲ, ಮೀನೂ ತಿನ್ನಲ್ಲ ಅನ್ನುವವರಿಗೆ ಈ ಮಾತು. ಬೆಳ್ಳಗಾಗುವ ಕ್ರೀಮ್ ನೋಡಿ. ಪಾದರಸದ ಲವಣ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಅದಕ್ಕೇ ವಾರದಲ್ಲೇ ಫಲ ಕಾಣುತ್ತದೆ. ಕೇರಳದ ಕೋಟ್ಟಕ್ಕಲ್‌ನ ಕಿಡ್ನಿ ವೈದ್ಯರು 2021ರಿಂದ 2023ರವರೆಗೆ ಕಂಡ 22 ಮೆಂಬ್ರೇನಸ್ ನೆಫ್ರೋಪತಿ (ಕಿಡ್ನಿಯ ಜರಡಿ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ) ರೋಗಿಗಳಲ್ಲಿ 15 ಮಂದಿಗೆ ಒಂದು ವಿಶೇಷ ಬಗೆ ಇತ್ತು, ಅವರಲ್ಲಿ 13 ಮಂದಿ ಇಂಥ ಕ್ರೀಮ್ ಹಚ್ಚಿದವರು. ಊರಿಗೆ ಹೋಗುವಾಗ ಅಕ್ಕತಂಗಿಯರಿಗೆ ಹಂಚಲು ಕ್ರೀಮ್ ಡಬ್ಬಿ ಬ್ಯಾಗಿಗೆ ತುಂಬುವವರನ್ನು ಇಲ್ಲಿ ದಿನಾ ನೋಡುತ್ತೇನೆ. ತಯಾರಕರ ಹೆಸರು, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿ ಯಾರಿಗೂ ಕೊಡಬೇಡಿ. ಮುಖ ಊದಿದರೆ, ಮೂತ್ರದಲ್ಲಿ ನೊರೆ ಬಂದರೆ ಲಿವರ್ ಅಂತ ಕೂರಬೇಡಿ, ಮೂತ್ರದ ಪ್ರೋಟೀನ್ ನೋಡಿಸಿ.

ಗದಗಿನ ಪತ್ತಾರ

ಎಲ್ಲಾರಿಗೂ ಕೈ ಮುಗೀತೀನ್ರಿ. ನೀವು ಹೇಳಿದಂಗ ಮಕ್ಕಳನ್ನ ಮಾವನ ಮನಿಗೆ ಕಳಿಸಿದೆ, ಗುಳಿಗಿ ಅವತ್ತ ಬಂದ್ ಮಾಡಿಸಿದೆ. ಈ ಸಲ ಡಾಕ್ಟ್ರಿಗೆ ಎಲ್ಲಾ ಹೇಳಿದೆ. ಅವರು ಪೆನ್ನು ಕೆಳಗಿಟ್ಟು "ಎಷ್ಟು ವರ್ಷದಿಂದ?" ಅಂದ್ರು. ಅಪ್ಪ "ತಿಳಿವಳಕಿ ಬಂದಾಗಿಂದ" ಅಂದ್ರು.

ಮೂತ್ರದ ಪಾದರಸ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 74 ಮೈಕ್ರೋಗ್ರಾಂ ಬಂದೈತಿ. ಪ್ರೋಟೀನು ಸ್ವಲ್ಪ ಹೊಂಟೈತಿ. ಸಕ್ಕರಿನೂ ಅಂಚಿನ್ಯಾಗ ಐತ್ರಿ. ಡಾಕ್ಟ್ರು ಕೆಲಸ ನಿಲ್ಲಿಸಿ ಮೊದಲ, ಔಷಧ ಆಮ್ಯಾಲೆ ನೋಡೋಣು ಅಂದಾರ. ಅಪ್ಪ ಸಿಟ್ಟಿಗೆದ್ದು ಎರಡು ದಿನ ಮಾತಾಡಲಿಲ್ಲ. "ನನ್ನ ಅಪ್ಪ, ನನ್ನ ಅಣ್ಣ ಎಲ್ಲಾರೂ ಇದನ್ನ ಮಾಡಿ ಮನಿ ನಡಸ್ಯಾರ" ಅಂದ್ರು. ದೊಡ್ಡಪ್ಪನ ಕೈನೂ ಹಿಂಗ ನಡುಗತಿದ್ದವು, ವಯಸ್ಸಾತು ಅಂತ ಎಲ್ಲಾರೂ ಬಿಟ್ಟಿದ್ವಿ.

ಈಗ ಎರಡು ಪ್ರಶ್ನೆ. 74 ಅಂದ್ರ ಎಷ್ಟು ಕೆಟ್ಟದ್ದು, ಲಿವರ್ ಸರಿ ಆಗತೈತಾ? ಪಡಸಾಲಿ ಹೆಂಗ ಸ್ವಚ್ಛ ಮಾಡೋದು, ಕಪಾಟಿನ್ಯಾಗ ಒಂದು ಬಾಟ್ಲಿ ಪಾದರಸ ಉಳದೈತಿ.

ಜೀವರಸಾಯನ ಪಾಠ (ಮೈಸೂರು)

ಪಾದರಸದ ಕೆಲಸವಿಲ್ಲದವರಲ್ಲಿ ಈ ಅಂಕಿ ಸಾಮಾನ್ಯವಾಗಿ 5ರೊಳಗೆ ಇರುತ್ತದೆ. ಕೆಲಸಗಾರರಿಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರು ಹಾಕಿರುವ ಮಟ್ಟ 20. ಹಾಗಾಗಿ 74 ಸಣ್ಣದಲ್ಲ, ಕೈನಡುಕಕ್ಕೆ ಹೊಂದುವ ಅಂಕಿಯೇ. ನಿಮ್ಮ ಡಾಕ್ಟರು ಹೇಳಿದ ಕ್ರಮ ಸರಿ. ಆವಿ ನಿಂತ ಮೇಲೆ ಮೂತ್ರದ ಪಾದರಸ ಸುಮಾರು ಎರಡು ತಿಂಗಳಿಗೆ ಅರ್ಧದಂತೆ ಇಳಿಯುತ್ತದೆ. ಇಳಿಯದಿದ್ದರೆ ಮನೆಯಲ್ಲಿ ಇನ್ನೂ ಎಲ್ಲೋ ಪಾದರಸ ಇದೆ ಎಂದರ್ಥ. ಲೋಹ ಎಳೆಯುವ ಔಷಧ ಕೊಡಬೇಕೇ ಬೇಡವೇ ಎಂಬುದು ಕಿಡ್ನಿ ನೋಡಿಕೊಂಡು ಡಾಕ್ಟರು ತೀರ್ಮಾನಿಸುವ ವಿಷಯ. ಅವರಿಗೆ ಬೇಕಾದರೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಸಲಹೆ ಕೇಳಬಹುದು. ಬೆಂಗಳೂರಿನಲ್ಲಿ ಐಸಿಎಂಆರ್‌ನ ಔದ್ಯೋಗಿಕ ಆರೋಗ್ಯದ ಪ್ರಾದೇಶಿಕ ಕೇಂದ್ರವೂ ಇದೆ.

ಲಿವರ್ ವಿಷಯದಲ್ಲಿ ಒಂದು ಎಚ್ಚರ. ಪಾದರಸ ನಿಲ್ಲಿಸಿದ ಮೇಲೆ ಎಸ್‌ಜಿಪಿಟಿ ಇಳಿದರೆ "ಅದೇ ಕಾರಣ" ಎಂದು ಸಕ್ಕರೆ, ಹೊಟ್ಟೆಯ ಬೊಜ್ಜು ಮರೆಯಬೇಡಿ. ಇಳಿಯದಿದ್ದರೆ ಪಾದರಸ ಕೆಟ್ಟದ್ದಲ್ಲ ಎಂದು ಅಪ್ಪ ಮತ್ತೆ ಮೂಸೆ ಹಿಡಿಯಲೂ ಬಾರದು. ಗುಳಿಗೆ ನಿಲ್ಲಿಸಿದ್ದೀರಿ, ಹಾಗಾಗಿ ಆರೆಂಟು ವಾರ ಬಿಟ್ಟು ಎಲ್‌ಎಫ್‌ಟಿ ಮತ್ತೆ ಮಾಡಿಸಿ. ದಿನಾ ನಡೆಯಲಿ, ತೂಕ ಹೆಚ್ಚಿದ್ದರೆ ಹತ್ತರಲ್ಲಿ ಒಂದು ಪಾಲು ಇಳಿಸಲಿ. ಲಿವರ್‌ನ ಕೊಬ್ಬಿಗೆ ಮೊದಲ ಔಷಧ ಅದೇ.

1948ರ ಕಾರ್ಖಾನೆ ಕಾಯ್ದೆಯಲ್ಲೇ ಪಾದರಸದ ವಿಷ ವರದಿ ಮಾಡಲೇಬೇಕಾದ ಕಾಯಿಲೆಯಾಗಿತ್ತು. ಆದರೆ ಮನೆಯ ಪಡಸಾಲೆ ಕಾರ್ಖಾನೆ ಅಲ್ಲ, ಹಾಗಾಗಿ ನಿಮ್ಮ ದೊಡ್ಡಪ್ಪನ ಕೈನಡುಕ ಯಾವ ಲೆಕ್ಕಕ್ಕೂ ಸಿಗಲಿಲ್ಲ. ನಿಮ್ಮ ಓಣಿಯಲ್ಲಿ ಇದೇ ಕೆಲಸ ಮಾಡುವ ಬೇರೆ ಮನೆಗಳಿದ್ದರೆ ದಯವಿಟ್ಟು ಈ ರಿಪೋರ್ಟು ತೋರಿಸಿ ಹೇಳಿ. ನಮ್ಮ ಮಾತಿಗಿಂತ ನಿಮ್ಮ ಅಪ್ಪನ ಹಾಳೆಗೆ ಬೆಲೆ ಹೆಚ್ಚು.

ಹೈಸ್ಕೂಲ್ ವಿಜ್ಞಾನ ಮೇಷ್ಟ್ರು (ತುಮಕೂರು)

ಸ್ವಚ್ಛ ಮಾಡುವುದನ್ನು ನಾನು ಹೇಳುತ್ತೇನೆ. ಕಸಬರಿಗೆ ಹಿಡಿಯಲೇಬೇಡಿ, ಹನಿ ಒಡೆದು ನೂರಾಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅದಕ್ಕಿಂತ ಕೆಟ್ಟದ್ದು, ಬಿಸಿ ಗಾಳಿಯಲ್ಲಿ ಆವಿ ಮಾಡಿ ಮನೆಯೆಲ್ಲ ಊದುತ್ತದೆ. ಕಿಟಕಿ ಬಾಗಿಲು ತೆರೆದು, ಒಳಮನೆಯ ಬಾಗಿಲು ಮುಚ್ಚಿ, ರಬ್ಬರ್ ಗ್ಲೌಸ್ ಹಾಕಿ. ಉಂಗುರ, ಕಡಗ ಬಿಚ್ಚಿಡಿ. ಬಂಗಾರಕ್ಕೆ ಪಾದರಸ ಹತ್ತುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಕತ್ತಲೆ ಮಾಡಿ ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದರೆ ಹನಿ ಮಿನುಗುತ್ತದೆ. ಎರಡು ಗಟ್ಟಿ ರಟ್ಟಿನಿಂದ ಒತ್ತರಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು, ನೀರು ಹಾಕಿದ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಬಿಡಿ. ಪುಡಿ ಹನಿಗಳನ್ನು ಅಂಟುಪಟ್ಟಿಯಿಂದ ಎತ್ತಿ. ಕೈಗೆ ಸಿಗದ ಸಂದಿಗೆ ಗಂಧಕದ ಪುಡಿ ಉದುರಿಸಿ ಬಿಡಿ. ಹಳೆಯ ಚಾಪೆ, ಹಿಂಡಿದ ಬಟ್ಟೆ, ಕೆಲಸದ ಪಂಚೆ ತೊಳೆಯುವ ಗೋಜು ಬೇಡ, ವಾಷಿಂಗ್ ಮೆಷಿನ್‌ಗಂತೂ ಹಾಕಲೇಬೇಡಿ. ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಸುಡಬೇಡಿ. ಮಣ್ಣಿನ ನೆಲವಾಗಿದ್ದರೆ ಮೇಲಿನ ಪದರ ಕೆತ್ತಿ ತೆಗೆಸಿ ಹೊಸದಾಗಿ ಗಾರೆ ಹಾಕಿಸುವುದು ಒಳ್ಳೆಯದು.

ಬಾಟಲಿಯ ಪಾದರಸ ಚರಂಡಿಗೆ, ಬಾವಿಗೆ, ಕಸದ ಗಾಡಿಗೆ ಬೇಡ. ಬೇರೆ ಪತ್ತಾರರಿಗೆ ಮಾರುವುದೂ ಬೇಡ, ಅದು ಇನ್ನೊಂದು ಪಡಸಾಲೆಗೆ ಹೋಗುತ್ತದೆ ಅಷ್ಟೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ ಪತ್ರ ಕೊಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರು ಯಾರೆಂದು ಕೇಳಿ. ಅಲ್ಲಿಯವರೆಗೆ ಮುಚ್ಚಳ ಬಿಗಿದು, ಮನೆಯಿಂದ ಹೊರಗೆ, ನೆರಳಿನಲ್ಲಿ, ಬೀಗ ಹಾಕಿ ಇಡಿ.

ಗದಗಿನ ಪತ್ತಾರ

ಅಪ್ಪ ಇನ್ನು ಕಸ ತೊಳಿಯಂಗಿಲ್ಲ ಅಂತ ಒಪ್ಯಾರ. ಬಂದ ಕಸಾನ ಹಂಗ ತೂಕ ಹಾಕಿ ದೊಡ್ಡ ರಿಫೈನರಿಯವರಿಗೆ ಕೊಡೋದು ಅಂತ ಮಾತಾಗೈತಿ. ಕೈಗೆ ಸಿಗೋದು ಕಡಿಮಿ, ಆದ್ರ ನಡೀತೈತಿ. ಹೆಂಡತಿ, ಮಕ್ಕಳ ಮೂತ್ರಾನೂ ಕೊಡಬೇಕಂತೀನಿ. ಸಣ್ಣ ಮಗಂದು ಎರಡೂವರಿ ವರ್ಷ, 24 ತಾಸು ಹಿಡಿಯೋದು ಆಗೂದಿಲ್ಲ. ಹೆಂಗ ಮಾಡೋದ್ರಿ?

ಲ್ಯಾಬ್ ಟೆಕ್ನಿಷಿಯನ್ (ಧಾರವಾಡ)

ಮಕ್ಕಳಿಗೆ 24 ತಾಸಿಂದು ಬ್ಯಾಡ್ರಿ. ಬೆಳಗ್ಗೆ ಎದ್ದ ಕೂಡಲೆ ಬರೋ ಮೂತ್ರ ಒಂದ ಸಲ ಹಿಡೀರಿ, ಕ್ರಿಯಾಟಿನಿನ್ ಜೋಡಿ ಅಂತ ಚೀಟಿ ಮ್ಯಾಲೆ ಬರಸ್ರಿ. ಮಾವನ ಮನ್ಯಾಗ ಹಿಡಿದ್ರ ಇನ್ನೂ ಚೊಲೋ, ಪಡಸಾಲಿ ಧೂಳು ಸೇರಂಗಿಲ್ಲ. ಅಂಟಿಸೋ ಚೀಲ ಹಾಕಿದ್ರ ಅದನ್ನೂ ಲ್ಯಾಬಿನವರಿಗೆ ಮೊದಲ ತೋರಿಸ್ರಿ. ತಂಪಿನ್ಯಾಗ ಇಟ್ಟು ಅವತ್ತ ಮುಟ್ಟಿಸ್ರಿ. ಮೂರೂ ಡಬ್ಬಿ ಮ್ಯಾಲೆ ಹೆಸರು, ವಯಸ್ಸು, ಪಡಸಾಲಿ ಬಿಟ್ಟು ಎಷ್ಟು ದಿನ ಆತು ಅನ್ನೋದು ಬರೀರಿ, ಅದಿಲ್ಲದ ಅಂಕಿ ಓದಾಕ ಬರೂದಿಲ್ಲ.